ಒಂದೇ ವಿಸಿಲ್

ಒಂದು ವಿಸಿಲ್ ಅಂದರೆ ನಿಲ್ಲು.
ಎರಡು ಅಂದರೆ ಹೊರಡು.
ಒಂದು ಊದಿ, ಎರಡನೆಯದಕ್ಕೆ ಉಸಿರು ಸಾಲದೆ ಹೋದರೆ
ಅದು ನಿಲ್ಲುವುದೋ, ಹೊರಡುವುದರ ಅರ್ಧವೋ
ಡ್ರೈವರ್ ಅದ್ದುಚ್ಚನಿಗೆ ತಿಳಿಯುತ್ತಿರಲಿಲ್ಲ.
ಕನ್ನಡಿಯಲ್ಲಿ ಒಂದು ಹುಬ್ಬು ಎತ್ತುತ್ತಿದ್ದ.

ಈಗ ಆ ಹುಬ್ಬಿನ ಕೆಳಗೆ ನನ್ನ ವಾಸ.
ಇವತ್ತಿಗೆ ನಲವತ್ತೊಂದು ದಿನ.

ಧಣಿ ಪರ್ಮಿಟ್ ಮಾರಿದರು.
ಬಸ್ಸಿನ ಹಣೆಯ ಹೆಸರು ಕೆರೆದು ಬೇರೆ ದೇವರ ಹೆಸರು ಬರೆಯುವುದನ್ನು
ಬಂದರಿನ ಗ್ಯಾರೇಜಿನ ಹೊರಗೆ ನಿಂತು ನೋಡಿದೆ.
ಹತ್ತೊಂಬತ್ತು ವರ್ಷದ ಚೀಲ ಒಪ್ಪಿಸುವಾಗ
ತಳದ ಹೊಲಿಗೆಯಲ್ಲಿ ಒಂದು ಸವಕಲು ಐದರ ನಾಣ್ಯ.
"ಇರಲಿ, ಇಟ್ಟುಕೋ ಮಾರಾಯ" ಅಂದರು.
ಇಟ್ಟುಕೊಂಡೆ.
ಯಾವ ಲೆಕ್ಕಕ್ಕೂ ಸೇರದ್ದು ನನ್ನ ಹತ್ತಿರ ಅದೊಂದೇ ಅಲ್ಲ.

ಕಂಕನಾಡಿಯ ಸೊಸೈಟಿಯಲ್ಲಿ ಪಿಗ್ಮಿ ಕಲೆಕ್ಷನ್ನಿಗೆ ಜನ ಬೇಕಂತೆ.
ಮ್ಯಾನೇಜರ್ ಐರಿನ್ ಬಾಯಿ ಅರ್ಜಿಯನ್ನು ಎರಡು ಸಲ ಓದಿ
"ಹೇಳಿ ಕಳಿಸ್ತೇವೆ" ಅಂದರು.
ಅಂದಿನಿಂದ ಫೋನು ಚಾರ್ಜಿಗೆ ಹಾಕುವುದೇ ಉದ್ಯೋಗ.

ಐದೂವರೆಗೆ ಎಚ್ಚರವಾಗುತ್ತದೆ, ಎಚ್ಚರಕ್ಕೆ ಕೆಲಸವಿಲ್ಲ.
ವಾರಿಜ ಸದ್ದಾಗದ ಹಾಗೆ ಪಾತ್ರೆ ತೊಳೆಯುತ್ತಾಳೆ
ಒಳಗೆ ಕಾಯಿಲೆಯವರು ಮಲಗಿದ ಹಾಗೆ.
ಗಂಜಿಯನ್ನು ನಾನು ಇನ್ನೂ ನಿಂತೇ ಉಣ್ಣುವುದು,
ಬಲಗಾಲು ತುಸು ಮುಂದೆ, ಸೊಂಟ ಬಾಗಿಲ ದಾರಂದಕ್ಕೆ ಒರಗಿ.
ಅಡುಗೆಮನೆ ಯಾವ ತಿರುವಿನಲ್ಲೂ ವಾಲುವುದಿಲ್ಲ
ಎಂಬುದು ಕಾಲಿಗೆ ಇನ್ನೂ ಗೊತ್ತಾಗಿಲ್ಲ.

ಮಗಳ ಕಾಲೇಜಿನ ಫಾರ್ಮಿನಲ್ಲಿ, ತಂದೆಯ ಉದ್ಯೋಗ.
ಅವಳು ಪೆನ್ನು ಎತ್ತಿ ಹಿಡಿದು, ನನ್ನ ಮುಖ ನೋಡದೆ, ಕಾದಳು.
"ಕಂಡಕ್ಟರ್ ಅಂತಲೇ ಬರಿ."
ಬರೆದಳು.
ಟಾಕೀಸು ಕೆಡವಿದ ಮೇಲೂ ಸ್ಟಾಪಿಗೆ ಜ್ಯೋತಿ ಅಂತಲೇ ಹೆಸರು.
ಜನ ಹತ್ತುತ್ತಾರೆ, ಇಳಿಯುತ್ತಾರೆ,
ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ.

ನಿನ್ನೆ ಸ್ಟೇಟ್‌ಬ್ಯಾಂಕಿನಲ್ಲಿ ಪಡೀಲಿನ ಬಸ್ಸು ಹತ್ತಿ
ಮೊದಲ ಸಲ ಕಿಟಕಿಯ ಬಳಿ ಕೂತೆ.
ಈ ಊರಿನ ಕಟ್ಟಡಗಳಿಗೆ ಎರಡನೇ ಮಾಳಿಗೆಯೂ ಉಂಟು!
ಅಲ್ಲಿ ಒಬ್ಬಳು ಬಟ್ಟೆ ಹರವುತ್ತಿದ್ದಳು.
ನನಗೆ ಗೊತ್ತಿದ್ದದ್ದು ಚಪ್ಪಲಿಗಳು,
ಮೆಟ್ಟಿಲು ತಡಕುವ ಚಪ್ಪಲಿಗಳು.

ಹೊಸ ಹುಡುಗ, ಈಗಷ್ಟೆ ಮೊಳೆತ ಮೀಸೆ,
"ದುಂಬು ಪೋಲೆ, ದುಂಬು ಪೋಲೆ" ಎಂದು ಕೂಗುತ್ತಿದ್ದ.
ದಿನಕ್ಕೆ ಸಾವಿರ ಸಲ ನಾನೂ ಕೂಗಿದ್ದು.
ತುಳುವಿನಲ್ಲಿ ದುಂಬು ಅಂದರೆ ಮುಂದೆ.
ಅಜ್ಜಿ ಕಥೆಗೆ ಕೂರುವಾಗಲೂ ಅದೇ ಮಾತು,
ದುಂಬು, ಅಂದರೆ ಹಿಂದೊಂದು ಕಾಲದಲ್ಲಿ.
ಮುಂದೆ ಹೋಗಿ, ಮುಂದೆ ಹೋಗಿ ಎಂದು ಇಷ್ಟು ವರ್ಷ
ಜನರನ್ನು ಯಾವ ಕಡೆಗೆ ತಳ್ಳಿದೆನೋ.

ಹುಡುಗ ನನ್ನ ಸೀಟಿಗೆ ಬಂದ.
ಕಂಡಕ್ಟರ್ ಕಂಡಕ್ಟರನ ಹತ್ತಿರ ಹಣ ತೆಗೆದುಕೊಳ್ಳುವುದಿಲ್ಲ,
ಕಣ್ಣಲ್ಲೇ ಮುಗಿಯುವ ವ್ಯವಹಾರ.
ಕಣ್ಣು ಕೊಟ್ಟೆ. ಅವನಿಗೆ ಗುರುತು ಹತ್ತಲಿಲ್ಲ.
"ಎಲ್ಲಿಗೆ?"

ಹಂಪನಕಟ್ಟೆ ಜ್ಯೋತಿ ಬಲ್ಮಠ ಕಂಕನಾಡಿ ಪಂಪ್‌ವೆಲ್
ಎಲ್ಲ ಒಟ್ಟಿಗೇ ಬಾಯಿಗೆ ಬಂದು
ಬಾಗಿಲಲ್ಲಿ ಸಿಕ್ಕಿಕೊಂಡವು.
"ಅಣ್ಣಾ, ಎಲ್ಲಿಗೆ?"

ಸವಕಲು ಐದನ್ನೂ ಸೇರಿಸಿ ಚಿಲ್ಲರೆ ಕೊಟ್ಟೆ.
"ಇದಕ್ಕೆ ಎಷ್ಟು ದೂರ ಬರುತ್ತದೋ ಅಷ್ಟು."
ಅವನು ನಗಲಿಲ್ಲ. ನೋಡದೆ ಚೀಲಕ್ಕೆ ಸುರಿದ.
ಉಳಿದ ನಾಣ್ಯಗಳ ನಡುವೆ ಬಿದ್ದ ಮೇಲೆ
ಅದರ ಸದ್ದು ಯಾವುದೆಂದು ನನಗೂ ಗೊತ್ತಾಗಲಿಲ್ಲ.

ಪಂಪ್‌ವೆಲ್ಲಿನಲ್ಲಿ ಒಂದು ಊದಿದ.
ಬಸ್ಸು ನಿಂತಿತು. ಇಳಿಯುವವರು ಇಳಿದರು.
ದೂರದಲ್ಲಿ ಒಬ್ಬಳು ಮೀನಿನ ಬುಟ್ಟಿ ಹೊತ್ತುಕೊಂಡೇ
ಓಡಿ ಬರುತ್ತಿದ್ದಳು, ಒಂದು ಕೈ ಎತ್ತಿ.
ಹುಡುಗ ವಿಸಿಲ್ ಕಚ್ಚಿ ಉಸಿರು ಹಿಡಿದ.
ಹಿಂದಿನ ಬಸ್ಸು ಹಾರ್ನಿನ ಮೇಲೆ ಹಾರ್ನು.

ನನ್ನ ತುಟಿಯೂ ಗುಂಡಗಾಗಿತ್ತು.